ದೋಣಿ ಕಡೆ ನೋಡಬೇಡ

ನಾಲ್ಕನೆಯ ಚೆಂಡಿನ ಹತ್ತಿರ ವೇಣು ಮತ್ತೆ ಬಿದ್ದ. ಅದೂ ಹೇಗೆ ಬಿದ್ದ ಅಂತೀರಿ! ಸ್ಕೀ ಒಂದು ಕಡೆ, ಮನುಷ್ಯ ಒಂದು ಕಡೆ, ಕೆರೆಯ ನೀರೆಲ್ಲ ಮೂಗಿನೊಳಗೆ. ದೋಣಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕೂತಿದ್ದ ಅಂಬಿಕ ಕೈ ಎತ್ತಿ, "ಬಿದ್ದ ಸಾರ್!" ಎಂದು ಕೂಗಿದಳು. ಆ ಬೆಳಗ್ಗೆ ಅದು ಏಳನೆಯ ಸಲ.

ಚಲಪತಿ ಸಾರ್ ದೋಣಿ ತಿರುಗಿಸಿದರು. ಸೈನ್ಯದಿಂದ ನಿವೃತ್ತರಾಗಿ ಬಂದು, ಕಾಮಸಮುದ್ರದಾಚೆಯ ಈ ಕೆರೆಯಲ್ಲಿ ಆರು ಕೆಂಪು ಚೆಂಡು ತೇಲಿಬಿಟ್ಟು, ಓಡುವ ದೋಣಿಯ ಹಗ್ಗ ಹಿಡಿದು ಒಂದೇ ಸ್ಕೀ ಮೇಲೆ ಅವನ್ನು ಅಂಕುಡೊಂಕಾಗಿ ಸುತ್ತುವ ಆಟವನ್ನು ಈ ಸೀಮೆಗೆ ತಂದ ಪುಣ್ಯಾತ್ಮರು ಅವರೇ. ದೋಣಿ ಓಡಿಸುವವರು ಮುಂದೆ ನೋಡಬೇಕು, ಇನ್ನೊಬ್ಬರು ಹಿಂದೆ ನೋಡುತ್ತ ಕೂರಬೇಕು. ಅದು ನಿಯಮ. ಕೆರೆಯ ಮೀನಿನ ಗುತ್ತಿಗೆ ಬಚ್ಚಪ್ಪನದು, ಅವನ ಮಗಳು ಅಂಬಿಕಳಿಗೆ ದೋಣಿ ಅಂದರೆ ಮನೆಯ ಜಗಲಿ ಇದ್ದಂತೆ. ಹಾಗಾಗಿ ಎರಡು ವರ್ಷದಿಂದ ಹಿಂದೆ ನೋಡುವ ಕೆಲಸ ಅವಳದು. ಅಂದರೆ ವೇಣುವನ್ನು ನೋಡುವ ಕೆಲಸ. ಸಂಬಳ ಇಲ್ಲ, ಬೇಸರವೂ ಇಲ್ಲ.

"ಈ ಸ್ಕೀನೇ ಸರಿ ಇಲ್ಲ," ವೇಣು ದೋಣಿಯ ಅಂಚು ಹಿಡಿದು ಏದುಸಿರು ಬಿಟ್ಟ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಳಂತೆ."

"ನೀನ್ ಬಂದು ನಿಂತ್ಕೊಂಡ್ ನೋಡೇ, ಗೊತ್ತಾಗ್ತದೆ."

"ನಾನ್ಯಾಕ್ ನಿಂತ್ಕೊಳ್ಲಿ? ಕೂತ್ಕೊಂಡು ನಗೋಕೇ ನಾನ್ ಬರೋದು."

ಅವನ ರೆಪ್ಪೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ರೆಪ್ಪೆಗಳ ಕೆಳಗಿನಿಂದ ಒಂದು ಕ್ಷಣ ಅವಳನ್ನು ನೋಡಿ, ನಕ್ಕು, ಸ್ಕೀ ಹುಡುಕಲು ಈಜಿ ಹೋದ. ಅಂಬಿಕ ಸುಮ್ಮನೆ ಹಗ್ಗದ ಸಿಕ್ಕು ಬಿಡಿಸಿದಳು. ಸಿಕ್ಕೇನೂ ಇರಲಿಲ್ಲ.

ಹಳೆಯ ಸ್ಕೀ ಅಗಲವಾದ ಮರದ್ದು, ತಪ್ಪು ಮಾಡಿದರೂ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಬೆಂಗಳೂರಿನ ಕ್ಲಬ್ಬಿನವರು ಕೊಟ್ಟ ಈ ಹೊಸದು ಸಣಕಲು, ಬಲು ಚುರುಕು. ಟ್ರಯಲ್‌ಗೆ ಇದೇ ಬೇಕು. ಇನ್ನು ಎಂಟು ದಿನಕ್ಕೆ ಸೆಲೆಕ್ಟರುಗಳು ಇದೇ ಕೆರೆಗೆ ಬರುವವರಿದ್ದರು. ಆರಕ್ಕೆ ಆರು ಚೆಂಡು ಸುತ್ತಿದರೆ ಉತ್ತರದ ಕ್ಯಾಂಪಿನಲ್ಲಿ ಎರಡು ವರ್ಷ ತರಬೇತಿ, ಆಮೇಲೆ ಯೂನಿಫಾರ್ಮಿನ ನೌಕರಿ. ಮುಂದಿನ ತಿಂಗಳು ವೇಣುವಿಗೆ ಇಪ್ಪತ್ತೈದು ತುಂಬುತ್ತದೆ, ಆಮೇಲೆ ಯಾರೂ ಕರೆಯುವುದಿಲ್ಲ. ತಪ್ಪಿದರೆ ಗಣಿ ಕಾಲೊನಿ ಚಾಂಪಿಯನ್ ರೀಫ್ಸ್‌ನ ಮನೆಯಿಂದ ಬೆಳಗಿನ ರೈಲು ಹಿಡಿದು, ಬೆಂಗಳೂರಿನ ಬಿಲ್ಡಿಂಗುಗಳಿಗೆ ಹಗ್ಗದಲ್ಲಿ ನೇತಾಡಿ ಪೇಂಟ್ ಹೊಡೆಯುವುದೇ ಗತಿ. ಅವನ ಅಣ್ಣ ಅಂಬರೀಶ್ ಹಾಗೆ ನೇತಾಡುತ್ತಲೇ ಬಿದ್ದು, ಒಂದು ಕಾಲಿಲ್ಲದೆ ಮನೆಯಲ್ಲಿ ಕೂತಿದ್ದ.

ಅಂಬಿಕಳಿಗೂ ಒಂದು ಗಡುವಿತ್ತು. ತಾಯಿಯ ತಮ್ಮ ಚಿರಂಜೀವಿ ಮಾವ ಅವಳನ್ನು ಕೇಳಿ ವರ್ಷವಾಗಿತ್ತು. ಒಳ್ಳೆಯವನು, ಹಾಲಿನ ಡೇರಿಯ ಸೆಕ್ರೆಟರಿ. ಅಕ್ಕನ ಮಗಳನ್ನು ಕೇಳುವ ಮೊದಲ ಹಕ್ಕು ಅವನದೇ ಅನ್ನುವ ಜನ ನಾವು. "ಟ್ರಯಲ್ ಮುಗೀಲಿ, ಹೇಳ್ತೀನಿ" ಎಂದು ಅವಳು ತಳ್ಳಿಕೊಂಡು ಬಂದಿದ್ದಳು. ವೇಣು ಒಂದು ಮಾತು ಆಡಿದ್ದರೆ ಸಾಕಿತ್ತು, ಮಾವನಿಗೆ ಕೈಮುಗಿದು ಇಲ್ಲ ಅಂದುಬಿಡುತ್ತಿದ್ದಳು. ಆ ಮಹಾರಾಯ ಬಾಯಿ ಬಿಡಬೇಕಲ್ಲ!

ಚಲಪತಿ ಸಾರ್ ಸ್ಕೀಯ ಬೂಟನ್ನು ಒಂದು ತೂತು ಮುಂದೆ ಸರಿಸಿದರು. ಭಾರ ಮುಂದಿನ ಕಾಲಿಗೆ ಅಂದರು, ಮೊಣಕಾಲು ಬಗ್ಗಿಸು ಅಂದರು, ಹಗ್ಗದ ಹಿಡಿ ಸೊಂಟದ ಹತ್ತಿರ ಇರಲಿ ಅಂದರು. ಎಲ್ಲಾ ಮಾಡಿದ. ಎಲ್ಲಾ ಮಾಡಿ ಬಿದ್ದ.

ಆ ಮಧ್ಯಾಹ್ನ ಅಂಬಿಕ ಹಿತ್ತಲಲ್ಲಿ ಕೂತು, ದೋಣಿಯಿಂದ ತಾನು ತೆಗೆದ ವಿಡಿಯೊವನ್ನು ಮೊಬೈಲಿನಲ್ಲಿ ನಿಧಾನಕ್ಕೆ ಓಡಿಸಿ ನೋಡಿದಳು. ಚೆಂಡು ಸುತ್ತುವಾಗ ಸ್ಕೀ ತಿರುಗಿ ಮುಗಿಯುವ ತನಕ ಕಣ್ಣು ಮುಂದಕ್ಕೆ, ಕೆರೆಯ ಉದ್ದಕ್ಕೆ ಇರಬೇಕು. ಇವನ ಕಣ್ಣು ಮೊದಲೇ ತಿರುಗುತ್ತಿತ್ತು. ಕಣ್ಣಿನ ಹಿಂದೆ ತಲೆ, ತಲೆಯ ಹಿಂದೆ ಭುಜ, ಹಗ್ಗ ಸಡಿಲ, ಆಮೇಲೆ ಒಂದು ಜಗ್ಗು, ಧೊಪ್!

ಎಲ್ಲಿಗೆ ತಿರುಗುತ್ತಿತ್ತು? ಅವಳು ವಿಡಿಯೊ ನಿಲ್ಲಿಸಿದಳು. ವೇಣು ನೇರವಾಗಿ ಅವಳನ್ನೇ ನೋಡುತ್ತಿದ್ದ. ಒಂದನೆಯ ಚೆಂಡಿಗೂ, ಎರಡನೆಯದಕ್ಕೂ, ಬೀಳುವ ಮುಂಚಿನ ಆ ಗಳಿಗೆಯಲ್ಲೂ. ಅವಳು ಅದನ್ನು ಹನ್ನೆರಡು ಸಲ ನೋಡಿದಳು, ತಪ್ಪು ಹುಡುಕಲು ಮೊದಲನೆಯ ಸಲ ಮಾತ್ರ. ಇಷ್ಟು ಸುಖವಾಗಿ ಯಾವತ್ತೂ ಅತ್ತಿರಲಿಲ್ಲ.

ಮರುದಿನ ಕೆರೆ ಏರಿಯ ಮೇಲೆ ಅವನಿಗೇ ತೋರಿಸಿದಳು. ಅವನ ಕಿವಿ ಕೆಂಪಾಯಿತು.

"ಹೂಂ, ನೋಡ್ತೀನಿ. ಏನೀಗ?"

"ಯಾವತ್ತಿಂದ?"

"ಮೊದಲ್ನೇ ದಿನದಿಂದ. ಹಳೇ ಸ್ಕೀ ಯಾರಿಗೂ ಹೇಳ್ತಿರ್ಲಿಲ್ಲ. ಇದು ಚಾಡಿ ಹೇಳ್ತದೆ."

ಅಂಬಿಕ ನಗು ತಡೆದುಕೊಂಡಳು. "ಇನ್ಮೇಲೆ ದೋಣಿ ಕಡೆ ನೋಡ್ಬೇಡ."

"ಆಗಲ್ಲ."

"ಬೀಳ್ತೀಯ ಕಣೋ."

"ಬೀಳ್ತೀನಿ. ಬಿದ್ರೆ ಇಲ್ಲೇ ಇರ್ತೀನಲ್ಲ, ನಿನ್ ಕಣ್ಮುಂದೆ? ಪೇಂಟ್ ಹೊಡೀತೀನಿ. ಸುಮ್ಮಾ ಇರು ಅಂಬಿಕಾ, ಅದೇನ್ ಸಾವಾ?"

ಎಷ್ಟು ಕಾದಿದ್ದಳು ಆ ಮಾತಿಗೆ! ಬಂದಾಗ ಹಿಗ್ಗಲಾಗಲಿಲ್ಲ. ಅಂಬರೀಶಣ್ಣ ಗೋಡೆ ಹಿಡಿದು ಬಾಗಿಲಿಗೆ ಬರುವುದನ್ನು ಅವಳು ಕಂಡಿದ್ದಳು.

"ನನಗೋಸ್ಕರ ಬಿದ್ದೋನ ಜೊತೆ ಬಾಳೋಕೆ ನನ್ ಕೈಲಿ ಆಗಲ್ಲ ವೇಣು."

ದೋಣಿಯಲ್ಲಿ ತನ್ನ ಜಾಗಕ್ಕೆ ಅಪ್ಪನನ್ನು ಕೂರಿಸಿದಳು. "ನನ್ ಮೀಸೇನ ಯಾವನ್ ನೋಡ್ತಾನಮ್ಮಾ, ನೆಟ್ಟಗೆ ಓಗ್ತಾನೆ ಬಿಡು," ಅಂದ ಬಚ್ಚಪ್ಪ. ವೇಣುವಿನ ತಲೆ ಏರಿಯ ಕಡೆ ತಿರುಗಿತು, ಅಲ್ಲಿ ಅಂಬಿಕ ನಿಂತಿದ್ದಳು. ಬಿದ್ದ. ಅವಳು ಮನೆಗೆ ಹೊರಟುಹೋದಳು. ತಲೆ ಮನೆಯ ದಾರಿಯ ಕಡೆ ತಿರುಗಿತು. ಮತ್ತೆ ಬಿದ್ದ. ಹೀಗೇ ಐದು ದಿನ ಹೋಯಿತು.

ಟ್ರಯಲ್‌ಗೆ ಎರಡು ದಿನ ಇರುವಾಗ ಅವಳು ಬಂದು, ಅವನ ಮುಖ ನೋಡದೆ ಹೇಳಿದಳು: "ನಾನು ಚಿರಂಜೀವಿ ಮಾವನ್ನ ಒಪ್ಕೊಂಡೆ."

"ಸುಳ್ಳು."

"ಬೇಕಾದ್ರೆ ನಾಳೆ ಅಪ್ಪನ್ನ ಕೇಳು."

ಅವನು ಕೇಳಿಯೇ ಕೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಓಡೋಡಿ ಮನೆಗೆ ಹೋಗಿ ಅಪ್ಪನ ಮುಂದೆ ಹೂಂ ಅಂದಳು. ಬಚ್ಚಪ್ಪ ಖುಷಿಯಲ್ಲಿ ಫೋನ್ ಮಾಡಿದ. ಸಂಜೆಗೆಲ್ಲ ಮಾವನ ಮನೆಯವರು ಬಂದು, ತಾಂಬೂಲ ಬದಲಾಯಿಸಿಕೊಂಡು, ಲಗ್ನದ ದಿನವನ್ನೂ ಮಾತಾಡಿ ಎದ್ದರು. ಸುಳ್ಳನ್ನು ಗಟ್ಟಿ ಮಾಡಲು ಹೋಗಿ ನಿಜವನ್ನೇ ಮಾಡಿಬಿಟ್ಟಳು ಹುಡುಗಿ. ಬುದ್ಧಿ ಇರಲಿಲ್ಲವೇ ಅಂದರೆ, ಇತ್ತು, ಎಲ್ಲಾ ಅವನ ಮೇಲೇ ಖರ್ಚಾಗಿತ್ತು. ತಾಂಬೂಲ ಆದಮೇಲೆ ಮುರಿದರೆ ಮಾವ ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ. ಆ ಮನುಷ್ಯ ಅವಳಿಗೇನೂ ಕೇಡು ಮಾಡಿರಲಿಲ್ಲ.

ಟ್ರಯಲ್ ದಿನ ಅವಳು ಕೆರೆಯ ಹತ್ತಿರವೇ ಸುಳಿಯಲಿಲ್ಲ. ರಾಬರ್ಟ್‌ಸನ್‌ಪೇಟೆಯ ಬಳೆ ಅಂಗಡಿಯಲ್ಲಿ ಕೈ ಚಾಚಿ ಕೂತಿದ್ದಾಗ ಅಪ್ಪನ ಫೋನ್ ಬಂತು. "ಆರೂ ಸುತ್ತಿದ ಕಣಮ್ಮಾ! ನಾಳೇನೇ ಒರಡ್ಬೇಕಂತೆ!" ಅಂಬಿಕಳ ಕಣ್ಣಿಂದ ದಳದಳ ನೀರು ಇಳಿಯಿತು. ಅಂಗಡಿಯ ಮಾರಿಯಮ್ಮ ಗಾಬರಿಯಾಗಿ, "ಬಳೆ ಬಿಗಿಯಾಯ್ತಾ ತಾಯಿ?" ಅಂದಳು. ಅಂಬಿಕ ಹೌದು ಅಂದಳು.

ಮರುದಿನ ಬಂಗಾರಪೇಟೆ ಸ್ಟೇಷನ್ನಿನಲ್ಲಿ ವೇಣು ಬ್ಯಾಗಿನ ಮೇಲೆ ಕೂತಿದ್ದ, ಪಕ್ಕದಲ್ಲಿ ಅವನ ತಾಯಿ ಕದಿರಮ್ಮ. ಅಂಬಿಕ ಎದುರಿಗೆ ಬಂದು ನಿಂತಳು. ಕದಿರಮ್ಮ ಇಬ್ಬರ ಮುಖವನ್ನೂ ಒಮ್ಮೆ ನೋಡಿ, "ನೀರಿನ್ ಬಾಟ್ಲು ತತ್ತೀನಿ" ಎಂದು ಎದ್ದು ಹೋದಳು.

"ನಿಜ ಹೇಳು," ಅಂದ ವೇಣು. "ಮಾವನ್ ವಿಷ್ಯ ಸುಳ್ಳು ತಾನೇ?"

"ನಿಂಗ್ ಹೇಳ್ದಾಗ ಸುಳ್ಳು. ಸಾಯಂಕಾಲಕ್ಕೆ ನಿಜ ಆಯ್ತು. ನೀನು ನಂಬಬೇಕಿತ್ತಲ್ಲ."

ಅವನು ಅವಳ ಹೊಸ ಬಳೆಗಳನ್ನೇ ನೋಡಿದ.

"ನಾನೊಬ್ಳೇ ನೋಡ್ಲಿಲ್ಲ," ಅಂದಳು ಅಂಬಿಕ. "ಎಂಗೋಯ್ತು ಹೇಳು. ಒಂದೊಂದೇ ಚೆಂಡು."

"ಮೊದಲ್ನೇದು ಕೋಪದಲ್ಲಿ ಹೋಯ್ತು. ಎರಡ್ನೇದೂ ಅಷ್ಟೇ. ಮೂರನೇದಕ್ಕೆ ಅಳು ಬಂತು, ನೀರು ಎರಚ್ತಿತ್ತಲ್ಲ, ಯಾರಿಗೂ ಗೊತ್ತಾಗ್ಲಿಲ್ಲ."

"ನಾಲ್ಕನೇದು?"

"ಮುಂದೇನೇ ನೋಡ್ತಿದ್ದೆ. ಸ್ಕೀ ತಾನಾಗೇ ತಿರುಗ್ತು. ಅಲ್ಲೇ ನಂಗೆ ಅದರ ಗುಟ್ಟು ಗೊತ್ತಾಗಿದ್ದು."

ರೈಲು ಬಂದು ನಿಂತಿತು. ಜನ ನುಗ್ಗಿದರು. ವೇಣು ಹತ್ತಿ ಬಾಗಿಲಲ್ಲಿ ನಿಂತ.

"ಐದನೇದಕ್ಕೂ ಆರನೇದಕ್ಕೂ ದೋಣಿ ಕಡೆ ನೋಡ್ದೆ ಅಂಬಿಕಾ."

"ನೋಡ್ದಾ?"

"ನೀನು ಕೂರೋ ಜಾಗಾನ ನೋಡ್ದೆ. ಸ್ಕೀ ಪೂರ್ತಿ ತಿರುಗೋವರ್ಗೂ ಕಾದೆ, ಆಮೇಲೆ ನೋಡ್ದೆ. ಬೀಳ್ಲಿಲ್ಲ ಕಣೇ. ನೋಡೋದು ತಪ್ಪಾಗಿರ್ಲಿಲ್ಲ. ಒಂಚೂರು ಕಾಯ್ಬೇಕಿತ್ತು, ಅಷ್ಟೇ."

ಅಂಬಿಕ ಬಾಗಿಲ ಕಂಬಿಯನ್ನು ಹಿಡಿದುಕೊಂಡಳು. ಎರಡೇ ಎರಡು ದಿನ. ಎರಡು ದಿನ ಅವಳೂ ಕಾದಿದ್ದರೆ, ಬಾಯಿ ಮುಚ್ಚಿಕೊಂಡು ಇದ್ದಿದ್ದರೆ, ಅವನು ತಾನಾಗಿಯೇ ಕಲಿತುಬಿಡುತ್ತಿದ್ದ. ಈ ಮಾತು ಅವನಿಗೂ ಹೊಳೆದಿತ್ತು. ರೈಲು ಹೊರಟಿತು. ಕದಿರಮ್ಮ ಓಡಿ ಬಂದು ಬಾಟಲಿಯನ್ನು ಮಗನ ಕೈಗೆ ಇಟ್ಟಳು. ಅಂಬಿಕ ಕಂಬಿಯನ್ನು ಬಿಟ್ಟಳು.

ಕೊನೆಯ ಡಬ್ಬಿಯೂ ದಾಟಿದ ಮೇಲೆ ಕದಿರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಅವಳ ಬೆನ್ನು ಸವರಿದಳು.

"ಅಳ್ಬೇಡ ಕಣ್ಣೂ. ಎರಡೇ ವರ್ಸ. ಬಂದ್ಬಿಡ್ತಾನೆ."

"ಊಂ ಅಮ್ಮಾ, ಬತ್ತಾನೆ," ಎಂದು ಅಂಬಿಕ ಆ ಹೆಂಗಸಿನ ಹೆಗಲಿಗೆ ಮುಖ ಒತ್ತಿ, ಪ್ಲಾಟ್‌ಫಾರ್ಮಿನ ಜನವೆಲ್ಲ ತಿರುಗಿ ನೋಡುವ ಹಾಗೆ ಅತ್ತಳು.