ಮದರಾಸಿನಿಂದ ಬಂದ ಮೀನಿನ ಪುಸ್ತಕ

"ಆ ಪುಸ್ತಕ ಚೀಲದಿಂದ ತೆಗೀರಿ."

ಮೆಟ್ಟಿಲು ಇಳಿಯುತ್ತಿದ್ದ ತಿರುಮಲೇಶ್ವರ ತಿರುಗಿ ನೋಡಿದ. ಲೈಬ್ರರಿಯ ಬಾಗಿಲಲ್ಲಿ ವಸುಮತಿ ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ಮುಂದೆ ಚಾಚಿ. ಒಳಗೆ ಓದುತ್ತಿದ್ದ ಹುಡುಗರೆಲ್ಲ ತಲೆಯೆತ್ತಿದ್ದರು.

"ಕದ್ದದ್ದಲ್ಲ ಮಾರಾಯ್ರೆ. ನೀವೇ ಕೊಟ್ಟದ್ದು."

"ಓದ್ಲಿಕ್ಕೆ ಕೊಟ್ಟದ್ದು, ಕೊಂಡೋಗ್ಲಿಕ್ಕೆ ಅಲ್ಲ. ಅದು ನಮ್ಮದಲ್ಲ, ಮೈಸೂರಿನದ್ದು."

ಅವನು ಚೀಲದಿಂದ ಪುಸ್ತಕ ತೆಗೆದು ಆ ಕೈಯಲ್ಲಿಟ್ಟ. ಮುಖ ಕೆಂಪಾಗಿತ್ತು. ಅವಳದ್ದೂ!

ಅದು ೧೯೬೨ರ ಮಾತು. ವಸುಮತಿ ಪುತ್ತೂರಿನ ಕಾಲೇಜೊಂದರ ಲೈಬ್ರರಿಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ತಿರುಮಲೇಶ್ವರ ಸುಳ್ಯದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ಟ್ರು. ಊರಿನ ಹೊಳೆಗಳ ಮೀನುಗಳ ಬಗ್ಗೆ ಕನ್ನಡದಲ್ಲಿ ಒಂದು ಪುಸ್ತಕ ಬರೆಯುವುದು ಅವನ ಹಂಬಲ. ಪ್ರಿನ್ಸಿಪಾಲರ ಅನುಮತಿ ಪಡೆದು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿ ಬರುತ್ತಿದ್ದ.

ಕಾಲೇಜಿನಲ್ಲಿಲ್ಲದ ಪುಸ್ತಕವನ್ನು ಮೈಸೂರು, ಮದರಾಸಿನ ವಿಶ್ವವಿದ್ಯಾನಿಲಯಗಳಿಂದ ಎರವಲು ತರಿಸಿಕೊಡುವ ಏರ್ಪಾಡು ಆಗಷ್ಟೇ ಶುರುವಾಗಿತ್ತು. ಅದಕ್ಕೆ ಎರಡು ಕಟ್ಟುಪಾಡು. ಒಂದು, 'ಈ ಪುಸ್ತಕ ನಮ್ಮ ಕಾಲೇಜಿನಲ್ಲಿ ಇಲ್ಲ' ಎಂದು ಬರೆದು ವಸುಮತಿ ಸಹಿ ಹಾಕಬೇಕು. ಇನ್ನೊಂದು, ಬಂದ ಪುಸ್ತಕವನ್ನು ಅವಳ ಕಣ್ಣೆದುರೇ ಕೂತು ಓದಬೇಕು. ಕಾಲೇಜಿನ ಸ್ವಂತ ಪುಸ್ತಕವಾದರೆ ಮನೆಗೆ ಒಯ್ಯಬಹುದು, ಎರವಲಿನದ್ದು ಹೊಸ್ತಿಲು ದಾಟುವಂತಿಲ್ಲ.

ಬಾಗಿಲಿನ ಆ ಜಗಳವಾದ ಮೇಲೆ ಅವನು ಬರಲಾರ ಎಂದುಕೊಂಡಿದ್ದಳು. ಮುಂದಿನ ಶನಿವಾರ ಅವನು ಬಂದು, ಖಾಲಿ ಚೀಲವನ್ನು ಅವಳ ಮೇಜಿನ ಮೇಲೆ ಬೋರಲು ಹಾಕಿ ತೋರಿಸಿ, ಕಿಟಕಿಯ ಪಕ್ಕ ಕೂತ.

ಅವಳು ನಗು ತಡೆಯಲು ರಬ್ಬರ್ ಸ್ಟ್ಯಾಂಪ್ ಹುಡುಕುವವಳ ಹಾಗೆ ಬಗ್ಗಬೇಕಾಯಿತು.

ಆಮೇಲೆ ಶನಿವಾರಗಳಿಗೆ ಬೇರೆಯೇ ಬಣ್ಣ ಬಂತು. ಲೈಬ್ರರಿಯಲ್ಲಿ ಮಾತಾಡಬಾರದಲ್ಲ, ಹಾಗಾಗಿ ಅವನು ಪುಸ್ತಕದ ಚಿತ್ರದ ಮೇಲೆ ಬೆರಳಿಟ್ಟು ಅವಳತ್ತ ತಿರುಗಿಸುತ್ತಿದ್ದ. ಬಾಗಿಲು ಹಾಕುವ ಹೊತ್ತಿಗೆ ಅದರ ಕತೆ ಹೇಳುತ್ತಿದ್ದ. ತೊಡಿಕಾನದ ದೇವಸ್ಥಾನದ ಮೀನುಗಳು ಅಕ್ಕಿಗೆ ಹೇಗೆ ಮೇಲೆ ಬರುತ್ತವೆ, ನೆಟ್ಟಣದ ಹತ್ತಿರ ಹೊಳೆಗೆ ಇಳಿದು ತಾನು ಹೇಗೆ ಚಪ್ಪಲಿ ಕಳೆದುಕೊಂಡೆ... ವಸುಮತಿ ಮೀನು ತಿನ್ನದ ಮನೆಯವಳು. ಆದರೂ ಮೀನಿನ ಕಿವಿರು, ರೆಕ್ಕೆಗಳೆಲ್ಲ ಅವಳಿಗೆ ಬಾಯಿಪಾಠವಾದವು. ಶುಕ್ರವಾರವೇ ಆ ಕಿಟಕಿಯ ಧೂಳು ಒರೆಸಿಡುತ್ತಿದ್ದಳು. ಯಾಕೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಿರಲಿಲ್ಲ.

ಮಳೆಗಾಲ ಮುಗಿದಾಗ ಅವನು ಇನ್ನೊಂದು ಪುಸ್ತಕ ಕೇಳಿದ. ಲೈಬ್ರರಿಯ ಪುಸ್ತಕಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಕೆಲವು ಪುಸ್ತಕಗಳು ಪಟ್ಟಿಗೆ ಸೇರದೆ ಪ್ರಾಣಿಶಾಸ್ತ್ರ ವಿಭಾಗದ ಕಪಾಟಿನಲ್ಲೇ ಉಳಿದಿವೆಯೆಂದು ಅವಳಿಗೆ ಗೊತ್ತಿತ್ತು. ಅಲ್ಲಿ ಕೇಳಿದ್ದೀರಾ ಎಂದು ವಿಚಾರಿಸಿದಳು.

"ಅಲ್ಲಿ ಇಲ್ಲ," ಎಂದ ಅವನು. ಕಣ್ಣು ಮಾತ್ರ ಕಿಟಕಿಯಾಚೆ ಇತ್ತು.

ಅವಳು ಸಹಿ ಹಾಕಿದಳು.

ಮದರಾಸಿನಿಂದ ಪಾರ್ಸೆಲ್ ಬಂದದ್ದು ಒಂದು ಶುಕ್ರವಾರ. ಮೇಜಿನ ಮೇಲೆ ಬಿಚ್ಚಿಟ್ಟದ್ದೇ ತಡ, ಪ್ರಾಣಿಶಾಸ್ತ್ರದ ಲೆಕ್ಚರರ್ ತ್ಯಾಂಪಣ್ಣ ಅದನ್ನೆತ್ತಿ ನೋಡಿ ನಕ್ಕರು.

"ಇದನ್ನು ಎಂತಕ್ಕೆ ತರಿಸಿದ್ದು? ನನ್ನ ಕಪಾಟಿನಲ್ಲಿ ಉಂಟಲ್ಲ! ಹೋದ ವರ್ಷ ನಿಮ್ಮ ಆ ಸುಳ್ಯದ ಮಾಸ್ಟ್ರೇ ಕೊಂಡೋಗಿ ಪೂರ್ತಿ ಓದಿದ್ದಾರೆ."

ವಸುಮತಿ ಪುಸ್ತಕವನ್ನು ಅವರ ಕೈಯಿಂದ ತೆಗೆದುಕೊಂಡು ಮತ್ತೆ ಕಾಗದದಲ್ಲಿ ಸುತ್ತಿದಳು.

ವಿಷಯ ಸಂಜೆಯೊಳಗೆ ಪ್ರಿನ್ಸಿಪಾಲರಿಗೆ ಮುಟ್ಟಿತು. ನಮ್ಮಲ್ಲೇ ಇದ್ದ ಪುಸ್ತಕವನ್ನು ಮದರಾಸಿನಲ್ಲಿ ಬೇಡಿದರೆ ನಾಳೆ ಯಾರು ನಮ್ಮ ಸಹಿ ನಂಬುತ್ತಾರೆ ಎಂದು ಅವರು ಕೇಳಿದರು. ಇನ್ನೊಮ್ಮೆ ಹೀಗಾದರೆ ಏರ್ಪಾಡನ್ನೇ ನಿಲ್ಲಿಸುವುದಾಗಿಯೂ ಹೇಳಿದರು.

'ಗೊತ್ತಿದ್ದೇ ಸುಳ್ಳು ಹೇಳಿದರು... ನನ್ನನ್ನು ಬೇಸ್ತು ಬೀಳಿಸಲಿಕ್ಕೆ? ಆವತ್ತು ಬಾಗಿಲಲ್ಲಿ ನಿಲ್ಲಿಸಿದ್ದಕ್ಕೆ ಸೇಡಾ?'

ಶನಿವಾರ ಅವನು ಬಂದಾಗ ಕಿಟಕಿಯ ಹತ್ತಿರ ಕುರ್ಚಿ ಇರಲಿಲ್ಲ. ಮೇಜಿನ ಮೇಲೆ ಮದರಾಸಿಗೆ ಹೊರಟ ಪಾರ್ಸೆಲ್ ಇತ್ತು, ಅರಗಿನ ಮುದ್ರೆ ಬಿದ್ದಿತ್ತು.

"ತ್ಯಾಂಪಣ್ಣ ಮಾಸ್ಟ್ರು ಎಲ್ಲ ಹೇಳಿದ್ರು," ಎಂದಳು ವಸುಮತಿ. "ನನ್ನ ಹತ್ರ ಇದ್ದದ್ದು ಒಂದು ಸಹಿ. ನೀವು ಅದನ್ನು ಸುಳ್ಳು ಮಾಡಿದ್ರಿ."

ಅವನ ಮುಖ ಬಿಳಿಚಿಕೊಂಡಿತು. ತಿರುಗಿ ಹೊರಗೆ ನಡೆದ.

ಬಸ್‌ಸ್ಟ್ಯಾಂಡಿಗೇ ಹೋದರು... ಇನ್ನು ಬರುವುದಿಲ್ಲ ಎಂದುಕೊಂಡಳು. ಕೋಪ ಇಳಿದ ಜಾಗದಲ್ಲಿ ಎಂಥದೋ ಖಾಲಿತನ ತುಂಬಿಕೊಂಡಿತು. ಪುಸ್ತಕ ಜೋಡಿಸುತ್ತಾ ಒಂದೇ ಸಾಲನ್ನು ಎರಡು ಸಲ ಜೋಡಿಸಿದಳು.

ಹುಡುಗರೆಲ್ಲ ಹೋದ ಮೇಲೆ ಬಾಗಿಲಲ್ಲಿ ನೆರಳು ಬಿತ್ತು. ತಿರುಮಲೇಶ್ವರನೇ! ಕೈಯಲ್ಲಿ ತ್ಯಾಂಪಣ್ಣನವರ ಕಪಾಟಿನ ಅದೇ ಪುಸ್ತಕ.

"ಪ್ರಿನ್ಸಿಪಾಲರಿಗೆ ಹೇಳಿ ಬಂದೆ. ತಪ್ಪು ನಂದು, ನಿಮ್ಮದಲ್ಲ ಅಂತ ಬರೆದೂ ಕೊಟ್ಟೆ. ಏರ್ಪಾಡು ನಿಲ್ಲುದಿಲ್ಲ. ನಾನು ಮಾತ್ರ ಈ ವರ್ಷ ಹೊರಗಿನ ಪುಸ್ತಕ ಕೇಳುವ ಹಾಗಿಲ್ಲ."

"ಯಾಕೆ ಹಾಗೆ ಮಾಡಿದ್ದು ಅಂತ ಕೇಳ್ಲಿಲ್ವಾ ಅವರು?"

"ಕೇಳಿದ್ರು. ಅದನ್ನು ಮೊದಲು ಬೇರೆಯವರಿಗೆ ಹೇಳ್ಲಿಕ್ಕುಂಟು ಅಂದೆ."

ವಸುಮತಿ ಜೋಡಿಸುತ್ತಿದ್ದ ಪುಸ್ತಕವನ್ನು ಕೆಳಗಿಟ್ಟಳು.

"ನಿಮ್ಮಲ್ಲಿ ಇಲ್ಲದ ಮೀನಿನ ಪುಸ್ತಕ ಎಲ್ಲ ತರಿಸಿ ಮುಗಿದಿತ್ತು." ಅವನು ಪುಸ್ತಕದ ಬೆನ್ನನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ. "ಉಳಿದದ್ದು ಇದೊಂದು, ಮೊದಲೇ ಓದಿದ್ದು. ಇದು ಕಾಲೇಜಿನದ್ದು. ಮನೆಗೆ ಕೊಂಡೋಗ್ಬೇಕು. ಮದರಾಸಿನದ್ದಾದ್ರೆ... ನಿಮ್ಮೆದುರು ಕೂತು ಓದ್ಬಹುದು."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಕಿವಿಯವರೆಗೂ ಬಿಸಿಯೇರಿತು.

'ಇಷ್ಟಕ್ಕಾ... ಅಷ್ಟು ದೂರದ ಮದರಾಸಿನಿಂದ!'

"ಮಾಸ್ಟ್ರೆ," ಎಂದಳು ನಿಧಾನವಾಗಿ. "ಎರವಲಿನ ಪುಸ್ತಕ ಮನೆಗೆ ಕೊಂಡೋಗ್ಬಾರ್ದು ಅಂತ ಉಂಟು. ನಮ್ಮ ಪುಸ್ತಕ ಇಲ್ಲಿ ಕೂತು ಓದ್ಬಾರ್ದು ಅಂತ ಎಲ್ಲಿ ಉಂಟು?"

ತಿರುಮಲೇಶ್ವರ ಬಾಯಿ ತೆರೆದು ಮುಚ್ಚಿದ. ಹೊಳೆಯ ಮೀನಿನ ಹಾಗೆಯೇ ಕಂಡಿತು ಅವಳಿಗೆ.

"ಅದು... ಹೊಳೆಯಲೇ ಇಲ್ಲ."

"ನನ್ನನ್ನು ಕೇಳ್ಬಹುದಿತ್ತು."

"ಧೈರ್ಯ ಇರ್ಲಿಲ್ಲ. ಆವತ್ತು ಕೈ ಚಾಚಿ ನಿಂತಿದ್ರಲ್ಲ, ಆವತ್ತಿನಿಂದಲೇ ಇರ್ಲಿಲ್ಲ."

ಅವಳು ಒಳಗೆ ಹೋಗಿ, ಮೂಲೆಗೆ ಸರಿಸಿಟ್ಟ ಕುರ್ಚಿಯನ್ನು ತಾನೇ ಎತ್ತಿ ತಂದು ಕಿಟಕಿಯ ಪಕ್ಕ ಇಟ್ಟಳು.

"ಇನ್ನು ನನ್ನಿಂದ ಸುಳ್ಳು ಸಹಿ ಹಾಕಿಸ್ಬೇಡಿ."

"ಇಲ್ಲ." ಅವನು ಕೂರಲಿಲ್ಲ. "ಶನಿವಾರ ಮಾತ್ರ ಸಾಲುದಿಲ್ಲ ವಸುಮತಿ. ನಾಳೆ ಬರ್ಬಹುದಾ?"

"ನಾಳೆ ಭಾನುವಾರ. ಲೈಬ್ರರಿಗೆ ರಜೆ."

ಅವನ ಮುಖ ಬಾಡುವುದನ್ನು ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ತಲೆ ತಗ್ಗಿಸಿ, ಬೀಗದ ಕೈಯನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು:

"ನಮ್ಮ ಮನೆಗೆ ರಜೆ ಇಲ್ಲ. ಅಪ್ಪ ಇರ್ತಾರೆ."