ಧೂಳಿಗೆ ಹಾಕಿದ ಹೊಲಿಗೆ

ಸೂಜಿ ರೆಗ್ಜಿನ್ನಿನಲ್ಲಿ ಸಿಕ್ಕಿಕೊಂಡಿತ್ತು. ಮಹೆಕ ಹಲ್ಲು ಕಚ್ಚಿ ಎಳೆಯುತ್ತಿದ್ದಾಗಲೇ ತಾರಿಹಾಳದ ತನ್ನ ಹೊಲಿಗೆ ಅಂಗಡಿಯ ಹೊಸ್ತಿಲ ಮೇಲೆ ಎರಡು ನೆರಳು ಬಿದ್ದವು.

ಒಂದು, ಅವಳಿಗೆ ನಿಶ್ಚಯವಾದ ಗಂಡು, ಬಸ್ ಮೆಕ್ಯಾನಿಕ್ ಶಾಕೀರ. ಇನ್ನೊಂದು...

'ಇವಳೇ! ಫೋನಿನಲ್ಲಿ ಬಾಯಿ ಬಿಟ್ಟರೆ ಪ್ರಾಚಿ ಮೇಡಂ, ಪ್ರಾಚಿ ಮೇಡಂ... ಇಷ್ಟು ಚೆಲುವಿ ಅಂತ ಮಾತ್ರ ಇವರು ಹೇಳಲಿಲ್ಲ!' ಎಂದುಕೊಂಡಳು ಮಹೆಕ.

ಸಮುದ್ರ ವರ್ಷದಿಂದ ವರ್ಷಕ್ಕೆ ಮೇಲೇರಿ, ಉಬ್ಬರದ ನೀರು ರಸ್ತೆಗೇ ಬರುತ್ತಿತ್ತು. ಆ ನೀರಿಗೂ ಕೆಡದಂತೆ ಕಾರವಾರದ ಕಡೆಯ ಬಸ್ಸುಗಳನ್ನು ಸಜ್ಜು ಮಾಡಲು ಮಳೆಗಾಲಕ್ಕೆ ಮೊದಲೇ ಶಾಕೀರನನ್ನು ಕಳಿಸಿದ್ದರು. ಪ್ರಾಚಿ ಅಲ್ಲಿನ ಇಂಜಿನಿಯರ್. ಅಂದಿನಿಂದ ಮಹೆಕಳ ಹೊಟ್ಟೆಯಲ್ಲಿ ಕೆಂಡ.

ಅಮ್ಮಿನಬಾವಿಯಲ್ಲಿ ಶಾಕೀರನ ತಾಯಿ ನಿಖಾದ ತಾರೀಖಿಗೆ ಕಾದಿದ್ದರು. ತಾರೀಖು ಬರೆದು ಕಳಿಸುವುದು ಹೆಣ್ಣಿನ ಮನೆಯವರ ರೀತಿ. ಮಹೆಕಳ ಅಪ್ಪ ಬಾಬುಸಾಬ ಕಾಗದ ಬರೆದುಕೊಟ್ಟು ಎಷ್ಟೋ ದಿನವಾಗಿತ್ತು. "ನಾಳೆ ಟಪಾಲಿಗೆ ಹಾಕ್ತೀನಿ ಅಬ್ಬಾ" ಎನ್ನುತ್ತಲೇ ಮಗಳು ದಿನ ದೂಡಿದ್ದಳು.

ಪ್ರಾಚಿ ಚೀಲದಿಂದ ರೆಗ್ಜಿನ್ ಕವರುಗಳನ್ನು ತೆಗೆದು ಹರವಿದಳು. ಬಸ್ಸಿನ ವೈರುಗಳಿಗೆಂದು ಮಹೆಕಳೇ ಹೊಲಿದು ಕಳಿಸಿದವು. ಹೊಲಿಗೆಯೆಲ್ಲ ಬಿಚ್ಚಿತ್ತು!

"ನಾ ಹೊಲದದ್ದು ಬಿಚ್ಚಿ ಒಗದೀರೇನು?"

"ಎಸೆಯಲಿಲ್ಲ, ತಂದಿದ್ದೇವೆ," ಪ್ರಾಚಿ ನಕ್ಕಳು. "ನೀವು ಇಲ್ಲಿನ ಧೂಳಿಗೆ ಹೊಲಿದಿರಿ, ಗಾಳಿಯೂ ನುಗ್ಗದ ಹಾಗೆ. ನಮ್ಮಲ್ಲಿ ತುದಿಯಿಂದ ಉಪ್ಪುನೀರು ಹೊಕ್ಕಿತು, ಹೊರಗೆ ಬರಲೇ ಇಲ್ಲ. ವೈರೆಲ್ಲ ಹಸಿರುಗಟ್ಟಿತು. ಕೆಳಗೆ ನೀರಿಳಿಯುವ ಕಂಡಿ ಬಿಡಬೇಕು."

ಮಹೆಕ ಪೆಚ್ಚಾದಳು. ಹೌದಲ್ಲ... ಆದರೂ ಕಿಚ್ಚು ಆರಲಿಲ್ಲ.

"ಅಲ್ಲಿ ಹೊಲಿಯೋರು ಇರಲಿಲ್ಲೇನ್ರಿ? ಜೋಡಿಲೇ ಬರಬೇಕಾಗಿತ್ತೇನು?"

"ನಾನೂ ಅದೇ ಹೇಳಿದೆ! ವೈರು ನೋಡಲು ಹೊಲಿಗೆಗೆ ಬ್ಲೇಡ್ ಹಾಕಿದೆ, ಈ ಶಾಕೀರ್ ಕಿತ್ತುಕೊಂಡರು. 'ಮಹೆಕ ಹಾಕಿದ ಹೊಲಿಗಿ, ಕೊಯ್ಯಬ್ಯಾಡ್ರಿ' ಅಂತ ಊಟ ಬಿಟ್ಟು ಕೂತು ಒಂದೊಂದೇ ಎಳೆ ಬಿಡಿಸಿದರು. ನನಗೆ ಸಿಟ್ಟೇ ಬಂತು! ಮತ್ತೆ ನೀವೇ ಹೊಲಿಯಬೇಕಂತೆ, ಕಂಡಿ ಎಲ್ಲೆಲ್ಲಿ ಅಂತ ತೋರಿಸಲು ನಾನೂ ಬಂದೆ."

ಚಹಾ ಕುಡಿದು ಬರುತ್ತೇನೆಂದು ಪ್ರಾಚಿ ಹೊರಗೆ ಹೋದಳು.

"ಇದನ್ನ ಫೋನಿನ್ಯಾಗ ಹೇಳಾಕ ಏನಾಗಿತ್ರಿ ನಿಮಗ?"

ಶಾಕೀರ ತಲೆ ಕೆರೆದುಕೊಂಡ. "ನಿನ್ನ ಕೆಲಸ ಕೆಟ್ಟೈತಿ ಅಂತ ಹೆಂಗ ಹೇಳ್ಲಿ? ಅದಕ್ಕ ಬರೇ ಮೇಡಂ ಸುದ್ದಿ ಹೇಳ್ಕೋತ ಹ್ವಾದೆ..."

"ಯಾ ಅಲ್ಲಾ! ಎಂಥಾ ಹುಚ್ಚ ಅದೀರಿ!"

"ಹುಚ್ಚಗ ಹೆಣ್ಣ ಕೊಡೂದಿಲ್ಲಂತ ತಾರೀಖ ಕಳಿಸವಲ್ರೇನು?"

ಮಹೆಕ ಕಪಾಟಿನಿಂದ ತಾರೀಖಿನ ಲಕೋಟೆ ತೆಗೆದು, ದುಪಟ್ಟಾ ತಲೆಗೆಳೆದು ಹೊರಟೇಬಿಟ್ಟಳು.

"ಕೊಡು, ನಾನಽ ಒಯ್ತೇನಿ!" ಶಾಕೀರ ಹಿಂದೆಯೇ ಓಡಿದ.

"ತಾರೀಖ ಮದುಮಗನ ಕೈಯಾಗ ಕಳಸ್ತಾರೇನ್ರಿ? ಮಂದಿ ನಕ್ಕಾರು!"

ಅಂಚೆ ಡಬ್ಬಿಯ ಬಾಯಿಗೆ ಲಕೋಟೆ ಹಿಡಿದವಳು ಒಂದು ಗಳಿಗೆ ತಡೆದಳು.

"ನಿಖಾಕ್ಕ ಮೇಡಂನ ಕರೀರಿ. ಆದ್ರ ನನ್ನ ಬಾಜೂಕ ಕುಂದ್ರಸ್ರಿ... ನಿಮ್ಮ ಬಾಜೂಕ ಅಲ್ಲ!"

"ಆತು ಮಹಾರಾಣಿ. ಇನ್ನರ ಹಾಕು..."

ಮಹೆಕ ಬೆರಳು ಸಡಿಲಿಸಿದಳು; ಲಕೋಟೆ ಡಬ್ಬಿಯೊಳಗೆ ಬಿತ್ತು.