ಮೊದಲೇ ಹಾಡಿಟ್ಟ ಟ್ಯೂನು

"ನನ್ನ ಟ್ಯೂನನ್ನ ಕದ್ದಿದ್ದು ಅಂದವರು ನೀವೇನಾ?"

ತಲೆ ಎತ್ತಿದೆ. ಬಾಗಿಲಲ್ಲಿ ನಿಂತವನಿಗೆ ಸಿಟ್ಟು ಮೂಗಿನ ತುದಿಯಲ್ಲಿತ್ತು, ಕಣ್ಣು ಮಾತ್ರ ನಗುತ್ತಿತ್ತು. ಅಲ್ಲೇ ಕೆಟ್ಟೆ ನಾನು.

ಸಂಗೀತ ಸಂಯೋಜಕರ ಸಂಘದಲ್ಲಿ ನನ್ನದು ಕೇಳುವ ಕೆಲಸ. ರೇಡಿಯೋದಲ್ಲಿ, ಹೋಟೆಲಲ್ಲಿ ಯಾರ ಟ್ಯೂನು ಬಂದರೂ ಸಂಘ ದುಡ್ಡು ವಸೂಲಿ ಮಾಡಿ ಆ ಟ್ಯೂನು ಕಟ್ಟಿದವರಿಗೆ ಕೊಡುತ್ತದೆ. ಹಾಗಾಗಿ ಹೊಸ ಟ್ಯೂನು ಬಂದಾಗೆಲ್ಲ ಹಳೆಯ ಟೇಪುಗಳ ಪಕ್ಕ ಇಟ್ಟು ಕೇಳಿ, ಇದು ಯಾರದು ಅಂತ ಹೇಳಬೇಕು. ನನ್ನ ಕಿವಿ ಹೇಳಿದ್ದೇ ಕೊನೆಯ ಮಾತು.

"ಕದ್ದಿದ್ದು ಅಂದಿಲ್ಲ, ಮೊದಲೇ ಇದೆ ಅಂದೆ. ಕೂತ್ಕೊಳ್ಳಿ, ಕೇಳಿಸ್ತೀನಿ."

ಟೇಪು ಹಾಕಿದೆ. ನಾವಿಬ್ಬರೂ ಹುಟ್ಟುವ ಮೊದಲೇ ಸತ್ತ ಸಂಯೋಜಕಿಯೊಬ್ಬಳು ಗುನುಗುತ್ತಿದ್ದಳು. ಅವನದೇ ಟ್ಯೂನು, ಸ್ವರಕ್ಕೆ ಸ್ವರ. ಅವನ ಮುಖ ಬಿಳಿಚಿಕೊಂಡಿತು.

"ಇವರ ಹೆಸರೇ ಕೇಳಿಲ್ಲ, ನಿಮ್ಮಾಣೆ."

"ಗುರುತು ಪರಿಚಯ ಇಲ್ಲದವಳ ಮೇಲೆ ಆಣೆ ಇಟ್ಟರೆ ಯಾರು ನಂಬ್ತಾರೆ?"

"ಪರಿಚಯ ಮಾಡ್ಕೊಂಡ್ರಾಯ್ತು ಬಿಡಿ."

ಮಾಡಿಕೊಂಡೆವು. ಎರಡನೆಯ ಟ್ಯೂನು ತಂದ, ಅದೂ ಆ ಸಂಯೋಜಕಿಯದೇ. ಮೂರನೆಯದೂ ಅಷ್ಟೇ. ಆ ಟೇಪುಗಳ ಕಪಾಟಿನ ಬೀಗದ ಕೈ ನನ್ನ ಬಳಿಯೇ ಇತ್ತು, ಬೇರೆ ಯಾರೂ ಕೇಳಿರುವ ಮಾತೇ ಇಲ್ಲ. ನಾಲ್ಕನೆಯದೂ ಹೀಗಾದರೆ ಅವನು ಸಂಘದಿಂದ ಹೊರಗೆ, ಆಮೇಲೆ ಯಾವ ಟ್ಯೂನಿಗೂ ಕಾಸು ಹುಟ್ಟುವುದಿಲ್ಲ.

ನಾಲ್ಕನೆಯದನ್ನ ನನ್ನೆದುರೇ ಕಟ್ಟಿದ, ಮೇಜು ತಟ್ಟುತ್ತಾ, ನನ್ನನ್ನ ಕದ್ದು ನೋಡುತ್ತಾ.

"ಮೇಜು ನೋಡಿ ತಟ್ಟಿ," ಅಂದೆ.

"ಮೇಜು ನೋಡಿದ್ರೆ ಟ್ಯೂನು ಬರಲ್ಲ."

ನನ್ನ ಕಿವಿ ಬಿಸಿಯಾಯಿತು. ಏಳಲಾರದೆ ಎದ್ದು ಅವಳ ಕೊನೆಯ ಟೇಪು ಹಾಕಿದೆ. ಅದೇ ಟ್ಯೂನು. ವರದಿಯ ಹಾಳೆ ಎಳೆದುಕೊಂಡೆ.

"ಹೊಂದಲ್ಲ ಅಂತ ಬರೆದುಬಿಡ್ಲಾ?"

"ಬೇಡ. ಇವತ್ತು ನನಗೋಸ್ಕರ ಸುಳ್ಳು ಬರೆದ್ರೆ, ನಾಳೆ ನನ್ನ ಮುಖ ನೋಡೋಕೆ ನಿಮಗೇ ಬೇಜಾರಾಗುತ್ತೆ."

ಅಷ್ಟರಲ್ಲಿ ಟೇಪಿನೊಳಗೆ ಅವಳು ಅರ್ಧಕ್ಕೆ ನಿಲ್ಲಿಸಿದಳು. "ಮುಂದಿನದು ನನಗೆ ಬರಲ್ಲ. ನೀನೇ ಹಾಡಪ್ಪ," ಎಂದಳು. ಗಂಡಸಿನ ದನಿಯೊಂದು ಉಳಿದದ್ದನ್ನ ಹಾಡಿತು. ಅದು ಅವನ ದನಿ. ಪಕ್ಕದಲ್ಲೇ ಅವನು ತುಟಿ ಬಿಚ್ಚದೆ ಕೂತಿದ್ದ.

ಹಾಳೆಯಲ್ಲಿ ಬರೆದೆ: ಇಬ್ಬರು ಕಟ್ಟಿದ್ದು, ಸಮಪಾಲು. ಪಾಲುದಾರನನ್ನ ಸಂಘ ಹೊರಗೆ ಹಾಕುವಂತಿಲ್ಲ.

"ಉಳಿದೆನಾ?" ಪಿಸುದನಿಯಲ್ಲಿ ಕೇಳಿದ.

"ಉಳಿದಿರಿ."

ಟೇಪು ಇನ್ನೂ ತಿರುಗುತ್ತಿತ್ತು. ಅವನದೇ ದನಿ ಒಳಗಿಂದ ಮೆಲ್ಲಗೆ ಕೇಳಿತು, "ಕೊನೇವರೆಗೂ ನನ್ನ ಜೊತೆ ಇರ್ತೀಯಾ?"

ಅವನು ನನ್ನ ಕೈ ಹಿಡಿದುಕೊಂಡ. ಬೆರಳು ತಣ್ಣಗಿದ್ದವು. "ಇದನ್ನ ಇವತ್ತು ಸಂಜೆ ನಿಮ್ಮನ್ನ ಕೇಳೋಣ ಅಂತಿದ್ದೆ," ಎಂದ.

ಮುಂದೆ ಟೇಪಿನಲ್ಲಿ ನನ್ನ ಉತ್ತರವೂ ಇರಬೇಕು. ಅದು ಕೇಳಿಸುವ ಮೊದಲೇ ಯಂತ್ರ ಆಫ್ ಮಾಡಿದೆ. ಆ ಒಂದು ಮಾತನ್ನಾದರೂ ನಾನೇ ಮೊದಲು ಹೇಳಬೇಕಿತ್ತು.

"ಇರ್ತೀನಿ," ಎಂದೆ.